ಆ ಮತ ಕಾಂತಿಯದಲ್ಲ ಎಂದು ಬರೆದುಕೊಡಿ

ಮಾನ್ಯ ಕಂಪನಿ ನೋಂದಣಾಧಿಕಾರಿಗಳೇ,

ನಮ್ಮ ಹೊಲಿಗೆ ಕಂಪನಿಯ ಚುನಾವಣೆಯ ಬಗ್ಗೆ ಕೊಟ್ಟ ದೂರನ್ನು ಮುಕ್ತಾಯಗೊಳಿಸಿರುವುದಾಗಿ ತಿಳಿಸುವ ನಿಮ್ಮ ಪತ್ರ ತಲುಪಿತು. ಸಭೆಗೆ ಬೇಕಾದ ಕೋರಂ ಇತ್ತು, ನಿರ್ದೇಶಕರ ಆಯ್ಕೆ ಕ್ರಮಬದ್ಧವಾಗಿ ನಡೆದಿದೆ, ಪ್ರತಿ ಮತವೂ ಷೇರುದಾರರ ನೋಂದಾಯಿತ ಮೊಬೈಲ್ ಸಂಖ್ಯೆಯಿಂದಲೇ ದೃಢಪಟ್ಟಿದೆ, ಅಲ್ಲದೆ ಬಾಧಿತ ಅಭ್ಯರ್ಥಿಯು ಮೃತರಾಗಿರುವುದರಿಂದ ಮುಂದಿನ ಕ್ರಮದ ಅಗತ್ಯ ಕಂಡುಬರುವುದಿಲ್ಲ ಎಂದು ಅದರಲ್ಲಿ ಬರೆದಿದ್ದೀರಿ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಹಳೆಯ ಚಾಳಿಯಿಂದ ನಿಮ್ಮ ಪತ್ರದಲ್ಲಿ ತಪ್ಪು ಹುಡುಕಿದೆ. ಒಂದು ಅಕ್ಷರವೂ ತಪ್ಪಿಲ್ಲ. ಅಷ್ಟು ಶುದ್ಧವಾದ ಪತ್ರದಲ್ಲಿ ಮುಖ್ಯವಾದ ಮಾತೇ ನಿಜವಲ್ಲ ಎಂದು ಹೇಗೆ ಹೇಳಲಿ?

ಹೇಳಿಯೇಬಿಡುತ್ತೇನೆ. ಆ ಚುನಾವಣೆಯಲ್ಲಿ ಮೋಹಿನಿಯ ವಿರುದ್ಧ ಬಿದ್ದ ಮತಗಳಲ್ಲಿ ಹೆಚ್ಚಿನವು ಅವಳ ಗೆಳತಿಯರ ಹೆಸರಿನವು. ಅವನ್ನು ಹಾಕಿದವರು ಆ ಗೆಳತಿಯರಲ್ಲ. ಇದು ನಮಗೆ ತಿಳಿಯುವ ಮೊದಲೇ ಮೋಹಿನಿ ತೀರಿಕೊಂಡಳು. ಜೊತೆಯಲ್ಲಿ ಹೊಲಿದವರು, ಜೊತೆಯಲ್ಲಿ ಉಂಡವರು ತನ್ನನ್ನು ಕೈಬಿಟ್ಟರು ಎಂದು ನಂಬಿಕೊಂಡೇ ತೀರಿಕೊಂಡಳು. ನೀವು 'ಬಾಧಿತ ಅಭ್ಯರ್ಥಿ' ಎಂದು ಬರೆದದ್ದು ಇವಳನ್ನೇ. ಬಾಧೆ ಪಟ್ಟವರು ಸತ್ತರೆ ಬಾಧೆಯೂ ಸಾಯುತ್ತದೆ ಎಂಬುದು ನಿಮ್ಮ ಕಚೇರಿಯ ನಿಯಮವಾದರೆ, ನಿಮಗೆ ದೂರು ಕೊಡುವವರೆಲ್ಲ ಬೇಗ ಸಾಯಲಿ ಎಂದು ನೀವು ಆಶಿಸುವುದು ಸಹಜವೇ.

ಮೋಹಿನಿ ಮುಂಡಾಜೆಯವಳು. ಮೊದಲು ಮನೆಯಲ್ಲಿ ರವಿಕೆ ಹೊಲಿಯುತ್ತಿದ್ದಳು. ಬೆಳ್ತಂಗಡಿಯಲ್ಲಿ ಯಾವುದೋ ತರಬೇತಿಗೆ ಹೋದಾಗ, ಮೂಡುಬಿದಿರೆಯ ಹಾಸ್ಟೆಲುಗಳಿಗೂ ಶಾಲೆಗಳಿಗೂ ಪ್ರತಿ ವರ್ಷ ರಾಶಿ ರಾಶಿ ಸಮವಸ್ತ್ರ ಬೇಕಾಗುತ್ತದೆ, ಅದೆಲ್ಲ ಹೊರಗಿನ ಊರುಗಳಿಂದ ಬರುತ್ತದೆ ಎಂದು ಯಾರೋ ಹೇಳಿದರಂತೆ. ಮರುದಿನವೇ ಲಾಯಿಲದ ನಮ್ಮ ಮನೆಗೆ ಬಂದಳು. ಅವಳು ನನ್ನ ವಿದ್ಯಾರ್ಥಿನಿಯಲ್ಲ, ನನ್ನ ಬಟ್ಟೆ ಹೊಲಿಯುತ್ತಿದ್ದವಳು ಅಷ್ಟೆ. "ಟೀಚರ್, ನಿಮ್ಮ ಹಿಂದಿನ ಕೋಣೆ ಖಾಲಿ ಉಂಟಲ್ಲ, ನಾಲ್ಕು ಮಿಷನ್ ಇಡುವ," ಎಂದಳು. ಇಡಬಹುದೇ ಎಂದು ಕೇಳಲಿಲ್ಲ. ನಾನು ಹೂಂ ಅನ್ನುವುದರೊಳಗೆ ಅವಳ ಗೆಳತಿ ಕಾಂತಿ ಕೋಣೆ ಗುಡಿಸಲು ಶುರುಮಾಡಿದ್ದಳು.

ಹಾಗೆ ಆರಂಭವಾದದ್ದು ಕೆಲವೇ ವರ್ಷಗಳಲ್ಲಿ ಕಂಪನಿಯಾಯಿತು. ನೆರಿಯದಿಂದ ಹಿಡಿದು ಬಂಟ್ವಾಳದವರೆಗಿನ ಹೊಲಿಗೆಯ ಹೆಂಗಸರು ತಲೆಗೊಂದಾದರೂ ಷೇರು ತೆಗೆದುಕೊಂಡರು. ಯಾರು ಎಷ್ಟು ಷೇರು ಹಿಡಿದರೂ ಒಬ್ಬರಿಗೆ ಒಂದೇ ಮತ ಎಂಬ ಉತ್ಪಾದಕರ ಕಂಪನಿ ಅದು. ಅದನ್ನು ನೋಂದಾಯಿಸಿ ಪ್ರಮಾಣಪತ್ರ ಕೊಟ್ಟದ್ದು ನಿಮ್ಮ ಕಚೇರಿಯೇ. ಮೋಹಿನಿ ಆ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದಳು.

ಮೊದಲ ವರ್ಷಗಳಲ್ಲಿ ವಾರ್ಷಿಕ ಸಭೆ ಬೆಳ್ತಂಗಡಿಯ ಒಂದು ಸಭಾಭವನದಲ್ಲಿ ನಡೆಯುತ್ತಿತ್ತು. ಒಟ್ಟು ಸದಸ್ಯರಲ್ಲಿ ಕಾಲು ಭಾಗವಾದರೂ ಹಾಜರಿರಬೇಕು, ಇಲ್ಲದಿದ್ದರೆ ಸಭೆ ನಡೆಸುವ ಹಾಗಿಲ್ಲ, ಅದಕ್ಕೆ ಕೋರಂ ಎನ್ನುತ್ತಾರೆ ಎಂದು ನಾನೇ ಎಲ್ಲರಿಗೂ ವಿವರಿಸಿದ್ದೆ. ಒಂದು ಸಲ ಕೆಲವರು ಕಡಿಮೆ ಬಿದ್ದರು. ಮೋಹಿನಿ ಸ್ಕೂಟರ್ ತೆಗೆದುಕೊಂಡು ಬಸ್‌ಸ್ಟ್ಯಾಂಡಿಗೆ ಹೋದಳು. ಮದುವೆಗೆ ಹೊರಟು, ಮಲ್ಲಿಗೆ ಮುಡಿದು ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಸದಸ್ಯೆಯರನ್ನು ಹಿಂದೆ ಕೂರಿಸಿಕೊಂಡು ಬಂದಳು. "ಮದುವೆ ಊಟ ಇಲ್ಲೇ ಹಾಕಿಸ್ತೇನೆ ಮಾರಾಯ್ತಿ, ಕೈ ಎತ್ತಿ ಹೋಗು," ಎಂದಳು. ಆ ದಿನ ಇಡೀ ಸಭೆ ನಕ್ಕಿತು. ಕೈ ಎತ್ತಿ ಆಯ್ಕೆ ಮಾಡುವ ಕಾಲ ಅದು. ಯಾರ ಕೈ ಯಾರಿಗೆ ಎದ್ದಿತು ಎಂದು ಎಲ್ಲರಿಗೂ ಕಾಣುತ್ತಿತ್ತು. ಅದರಲ್ಲಿ ಮುಜುಗರವಿತ್ತು, ಒಪ್ಪುತ್ತೇನೆ. ಆದರೆ ನನ್ನ ಕೈಯನ್ನು ಇನ್ನೊಬ್ಬರು ಎತ್ತಲು ಆಗುತ್ತಿರಲಿಲ್ಲ.

ಈಗ ನಿಮ್ಮ 'ನೋಂದಾಯಿತ ಮೊಬೈಲ್ ಸಂಖ್ಯೆ'ಯ ವಿಷಯಕ್ಕೆ ಬರುತ್ತೇನೆ. ಷೇರು ಅರ್ಜಿ ತುಂಬಿಸುವಾಗ ನಮ್ಮ ಎಷ್ಟೋ ಹೆಂಗಸರ ಕೈಯಲ್ಲಿ ಸ್ವಂತ ಫೋನಿರಲಿಲ್ಲ. ಇದ್ದರೂ ಗಂಡನ ಹೆಸರಿನಲ್ಲಿತ್ತು. ಕಂಪನಿಯ ಕಚೇರಿ ನೋಡಿಕೊಳ್ಳುವ ಲತೇಶ್ ಆಗ ನನ್ನ ಎದುರೇ ಹೇಳಿದ್ದ: "ಮೊಬೈಲ್ ಕಾಲಂ ಖಾಲಿ ಬಿಟ್ರೆ ಕಂಪ್ಯೂಟರ್ ಮುಂದೆ ಹೋಗುದಿಲ್ಲ ಟೀಚರ್. ಮನೆಯಲ್ಲಿ ಯಾರದ್ದಾದ್ರೂ ಕೊಡಿ." ಕೊಟ್ಟರು. ಕಾಂತಿ ಕುವೈತಿನಲ್ಲಿರುವ ಗಂಡ ನಿತ್ಯಾನಂದನ ನಂಬರು ಕೊಟ್ಟಳು. ಬಂಟ್ವಾಳದ ಶಿಫಾನಾ ದಮ್ಮಾಮಿನಲ್ಲಿರುವ ಅಣ್ಣ ನೌಫಲನದ್ದು ಕೊಟ್ಟಳು. ನೆರಿಯದ ಹೆಂಗಸರು ರಬ್ಬರ್ ಟ್ಯಾಪಿಂಗಿಗೆ ಹೋಗುವ ಗಂಡಂದಿರ ನಂಬರು ಕೊಟ್ಟರು. ಗಲ್ಫಿನಲ್ಲಿರುವ ನಮ್ಮವರು ಊರಿನ ಸಿಮ್ಮನ್ನು ಬ್ಯಾಂಕಿನ ಓಟಿಪಿ ಬರಲೆಂದು ಅಲ್ಲಿಯೂ ಜೀವಂತ ಇಟ್ಟಿರುತ್ತಾರೆ. ಹೀಗೆ ನಿಮ್ಮ ದಾಖಲೆಯಲ್ಲಿ ಕಾಂತಿ ಎಂದರೆ ಕುವೈತಿನ ಒಂದು ಫೋನು. ಸದಸ್ಯರ ಪುಸ್ತಕವನ್ನು ಪ್ರತಿ ವರ್ಷ ನಿಮಗೆ ಸಲ್ಲಿಸುತ್ತೇವೆ. ಇಷ್ಟೊಂದು ಹೆಂಗಸರ ಕಂಪನಿಯಲ್ಲಿ ಇಷ್ಟೊಂದು ಗಂಡಸರ ನಂಬರು ಏಕೆ ಎಂದು ನಿಮ್ಮ ಕಚೇರಿಯಲ್ಲಿ ಯಾರಿಗಾದರೂ ಒಮ್ಮೆಯಾದರೂ ಅನ್ನಿಸಿತೇ?

ಜಗಳ ಹುಟ್ಟಿದ್ದು ಬಟ್ಟೆಯಿಂದ. ಬಂಟ್ವಾಳ ಪೇಟೆಯ ಒಬ್ಬ ವ್ಯಾಪಾರಿ ನಮಗೆ ಬಟ್ಟೆ ಪೂರೈಸುತ್ತಿದ್ದರು. ಒಂದು ವರ್ಷ ಅವರು ಕೊಟ್ಟ ಬಟ್ಟೆಯಲ್ಲಿ ಹೊಲಿದ ಅಂಗಿಗಳು ಎರಡು ಒಗೆತಕ್ಕೆ ಬಿಳಚಿಕೊಂಡವು. ಹಾಸ್ಟೆಲಿನಿಂದ ಮಕ್ಕಳ ಅಂಗಿಗಳು ವಾಪಸು ಬಂದವು. ನಿರ್ದೇಶಕಿಯಾಗಿದ್ದ ಮೋಹಿನಿ ಅವರ ಬಟ್ಟೆ ನಿಲ್ಲಿಸಿದಳು. ಮುಂದಿನ ಚುನಾವಣೆಗೆ ಅವರ ಸೊಸೆ ಮೋಹಿನಿಯ ಎದುರು ನಿಂತರು. ಆಕೆಯೂ ಷೇರುದಾರರೇ, ನಿಲ್ಲುವ ಹಕ್ಕು ಅವರಿಗೂ ಇತ್ತು. ಆ ಬಗ್ಗೆ ನನ್ನ ತಕರಾರಿಲ್ಲ.

ಆ ವರ್ಷದ ಸಭೆ ವಿಡಿಯೋದಲ್ಲಿ ನಡೆಯುತ್ತದೆ, ಮತದಾನ ಮೊಬೈಲಿನಲ್ಲಿ ಎಂದು ನೋಟಿಸ್ ಬಂತು. ಕೊರೋನಾ ಕಾಲದಲ್ಲಿ ಅನಿವಾರ್ಯವಾಗಿ ಬಂದ ವಿಡಿಯೋ ಸಭೆ ಕೊರೋನಾ ಹೋದ ಮೇಲೂ ಉಳಿದಿತ್ತು, ಮೊಬೈಲಿನಲ್ಲಿ ಮತ ಹಾಕುವುದು ಮಾತ್ರ ನಮಗೆ ಅದೇ ಮೊದಲು. ನೆರಿಯದ ಮನೆಗಳಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಅವರು ಬಾರದಿದ್ದರೆ ಕೋರಂ ಆಗುವುದೇ ಅನುಮಾನವಿತ್ತು. ಕೋರಂ ಆಗದಿದ್ದರೆ ಚುನಾವಣೆ ಮುಂದಕ್ಕೆ ಹೋಗುತ್ತಿತ್ತು, ಮೋಹಿನಿ ನಿರ್ದೇಶಕಿಯಾಗಿಯೇ ಇರುತ್ತಿದ್ದಳು. ಅವಳು ಸುಮ್ಮನೆ ಮನೆಯಲ್ಲಿ ಕೂತಿದ್ದರೆ ಸಾಕಿತ್ತು. ಅದನ್ನು ನಾನೇ ಅವಳಿಗೆ ಹೇಳಿದೆ. "ಹಾಗೆ ಮಾಡಿದ್ರೆ ನಮ್ಮ ಸಭೆಗೆ ಎಂತ ಮರ್ಯಾದೆ ಉಂಟು ಟೀಚರ್?" ಎಂದಳು. ಜೀಪು ಮಾಡಿಕೊಂಡು ಮುಂಡಾಜೆಯಿಂದ ಕಾಂತಿಯನ್ನೂ ಇನ್ನು ಕೆಲವರನ್ನೂ ಹತ್ತಿಸಿಕೊಂಡು ನೆರಿಯಕ್ಕೆ ಹೋದಳು. ಸಿಗ್ನಲ್ ಸಿಗುವ ಗುಡ್ಡದ ಮೇಲಿನ ಮೈದಾನಕ್ಕೆ ಎಲ್ಲರನ್ನೂ ನಡೆಸಿಕೊಂಡು ಹೋಗಿ ತನ್ನ ಫೋನು ಹಿಡಿದು ನಿಂತಳು.

ನಾನು ಲಾಯಿಲದಲ್ಲಿ ಕುಳಿತು ನೋಡುತ್ತಿದ್ದೆ. ಲತೇಶ್ ಹೆಸರು ಕೂಗಿದ ಹಾಗೆ ಒಬ್ಬೊಬ್ಬಳೇ ಫೋನಿನ ಹತ್ತಿರ ಬಂದು ಹೆಸರು ಹೇಳಿ "ಹಾಜರ್" ಎನ್ನುತ್ತಿದ್ದಳು. ಕೆಲವರು ತೀರ ಹತ್ತಿರ ಬಂದದ್ದರಿಂದ ಮೂಗು ಮಾತ್ರ ಕಾಣುತ್ತಿತ್ತು. ಹಿಂದಿನಿಂದ ಮೋಹಿನಿಯ ಸ್ವರ, "ಸ್ವಲ್ಪ ದೂರ ನಿಲ್ಲೇ, ಅವರು ಹೆದರ್ತಾರೆ." ಕಾಂತಿ ನಗು ತಡೆಯಲಾಗದೆ ಎರಡು ಸಲ ಹೇಳಬೇಕಾಯಿತು. "ಕೋರಂ ಆಯ್ತು," ಎಂದು ಅಧ್ಯಕ್ಷರು ಘೋಷಿಸಿದರು. ಸ್ವಲ್ಪ ಹೊತ್ತಿನಲ್ಲಿ ಗುಡ್ಡದ ಚಿತ್ರ ನಿಂತುಹೋಯಿತು. ಸಂಪರ್ಕ ಕಡಿದಿತ್ತು.

"ನೆರಿಯದವರು ಹೋದ್ರು, ಸ್ವಲ್ಪ ಕಾಯುವ," ಎಂದೆ ನಾನು.

"ಆರಂಭದಲ್ಲಿ ಇದ್ರೆ ಸಾಕು ಟೀಚರ್, ನಿಯಮ ಹಾಗೇ ಉಂಟು," ಎಂದರು ಅಧ್ಯಕ್ಷರು.

ಎಂಥ ಅನುಕೂಲದ ನಿಯಮ. ಸಭೆಗೆ ಜೀವ ಬರುವವರೆಗೆ ಹೆಂಗಸರು ಬೇಕು, ಜೀವ ಬಂದ ಮೇಲೆ ಅವರು ಗುಡ್ಡದ ಮೇಲೆಯೇ ಇರಬಹುದು. ಮತ ಹಾಕುವ ಲಿಂಕೂ ಗುಟ್ಟಿನ ಸಂಖ್ಯೆಯೂ ನೋಂದಾಯಿತ ಮೊಬೈಲಿಗೆ ಬರುತ್ತದೆ, ಸಂಜೆಯವರೆಗೆ ಸಮಯವಿದೆ ಎಂದು ಹೇಳಿ ಸಭೆ ಮುಗಿಸಿದರು. ನನಗೆ ಬಂತು, ಹಾಕಿದೆ. ಮೋಹಿನಿ ಗುಡ್ಡ ಇಳಿದ ಮೇಲೆ ತನ್ನ ಫೋನಿನಲ್ಲಿ ತಾನು ಹಾಕಿದಳು. ಉಳಿದವರಿಗೆ, "ನಿಮಗೂ ಬರ್ತದೆ, ನೋಡ್ತಾ ಇರಿ," ಎಂದಳಂತೆ. ಅಷ್ಟರಲ್ಲಿ ಹೆಚ್ಚಿನವರ ಕೈಗೂ ಸ್ವಂತ ಫೋನು ಬಂದಿತ್ತು, ಎಂದೋ ಅರ್ಜಿಯಲ್ಲಿ ಬರೆಸಿದ ನಂಬರು ಯಾರದೆಂದು ಅವರಿಗೂ ನೆನಪಾಗಲಿಲ್ಲ, ನನಗೂ ಆಗಲಿಲ್ಲ; ಅವರು ತಂತಮ್ಮ ಫೋನು ನೋಡುತ್ತಾ ಕುಳಿತರು. ಬಂಟ್ವಾಳದಲ್ಲಿ ಶಿಫಾನಾ ಕೂಡ ಫೋನು ಕೈಯಲ್ಲಿ ಹಿಡಿದು ಕುಳಿತಳು.

ಮರುದಿನ ಫಲಿತಾಂಶ ಬಂತು. ವರದಿಯ ಪ್ರಕಾರ ಹೆಚ್ಚುಕಡಿಮೆ ಎಲ್ಲ ಸದಸ್ಯರೂ ಮತ ಹಾಕಿದ್ದರು. ಮೋಹಿನಿಗೆ ಬಿದ್ದ ಮತಗಳು ಒಂದು ಕೈಯ ಬೆರಳುಗಳಲ್ಲಿ ಎಣಿಸುವಷ್ಟು.

ಅವಳು ಸೋಲಿಗೆ ಅತ್ತವಳಲ್ಲ. ಅಂದು ಸಂಜೆ ನಮ್ಮ ಮನೆಗೆ ಬಂದು ಆ ವರದಿಯನ್ನು ನನ್ನಿಂದ ಓದಿಸಿದಳು. ಮತ್ತೊಮ್ಮೆ ಓದಿಸಿದಳು. "ನಾವು ಹಾಕಿಯೇ ಇಲ್ಲ, ನಮಗೆ ಲಿಂಕೇ ಬರಲಿಲ್ಲ ಅಂತ ಹೇಳ್ತಾರೆ ಎಲ್ಲರೂ," ಎಂದಳು. "ಹಾಕದಿದ್ರೆ ಓಟು ಎಲ್ಲಿಂದ ಬಂತು? ಹಾಕಿದ್ದೇವೆ ಅಂತಲೇ ಹೇಳಿದ್ದಿದ್ರೆ ಇಷ್ಟು ಬೇಸರ ಆಗ್ತಿರ್ಲಿಲ್ಲ ಟೀಚರ್. ಸುಳ್ಳು ಯಾಕೆ ಹೇಳುದು?"

"ಏನೋ ತಪ್ಪಾಗಿದೆ ಮೋಹಿನಿ," ಎಂದೆ.

"ಸರಕಾರಕ್ಕೆ ಹೋಗುವ ಕಾಗದ ಇದು. ಇದರಲ್ಲಿ ತಪ್ಪು ಬರೀತಾರಾ?"

ಮಾನ್ಯರೇ, ಗೆಳತಿಯರ ಮಾತು ಒಂದು ಕಡೆ, ನಿಮ್ಮ ಕಚೇರಿಗೆ ಹೋಗುವ ಕಾಗದ ಇನ್ನೊಂದು ಕಡೆ ಇದ್ದಾಗ, ಅವಳು ನಿಮ್ಮ ಕಾಗದವನ್ನು ನಂಬಿದಳು. ನಿಮ್ಮ ಮೇಲೆ ಇಷ್ಟು ವಿಶ್ವಾಸವಿಟ್ಟ ಪ್ರಜೆ ನಿಮಗೆ ಇನ್ನೊಬ್ಬಳು ಸಿಗಲಾರಳು.

ಆಮೇಲೆ ನಡೆದದ್ದು ಇನ್ನೂ ಕೆಟ್ಟದ್ದು. ಪ್ರತಿಯೊಬ್ಬಳಿಗೂ ತಾನು ಮತ ಹಾಕಿಲ್ಲವೆಂದು ಗೊತ್ತಿತ್ತು, ಉಳಿದವರು ಹಾಕಿರಬೇಕು ಎಂಬ ಅನುಮಾನವೂ ಇತ್ತು. ಕಾಂತಿ ನೆರಿಯದವರನ್ನು ಶಂಕಿಸಿದಳು, ನೆರಿಯದವರು ಕಾಂತಿಯನ್ನು ಶಂಕಿಸಿದರು. ಕೂತು ಮಾತಾಡಿದ್ದರೆ ಗಂಟು ಬಿಚ್ಚುತ್ತಿತ್ತೋ ಏನೋ. ಯಾರೂ ಕೂರಲಿಲ್ಲ. ನನ್ನ ಮನೆಯ ಹಿಂದಿನ ಕೋಣೆಗೆ ಬರುವವರೇ ಇಲ್ಲವಾದರು.

ಕಾಂತಿ ಒಂದು ದಿನ ಧೈರ್ಯ ಮಾಡಿ ಮೋಹಿನಿಯ ಮನೆಗೆ ಹೋದಳು. ಆ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಶಾಲೆ ಕಲಿತವರು, ತುಳುವಿನಲ್ಲಿ ಒಬ್ಬರನ್ನೊಬ್ಬರು 'ಈ' ಎಂದು ಏಕವಚನದಲ್ಲಿ ಕರೆದುಕೊಂಡೇ ಅರ್ಧ ಆಯುಷ್ಯ ಕಳೆದವರು. ಮೋಹಿನಿ ಜಗಲಿಗೆ ಬಂದು, "ಈರ್ ಕುಳ್ಳುಲೆ," ನೀವು ಕುಳಿತುಕೊಳ್ಳಿ, ಎಂದಳಂತೆ. ನೀರು ಬೆಲ್ಲ ತಂದಿಟ್ಟಳಂತೆ. ನೆಂಟರಿಗೆ ಕೇಳುವ ಹಾಗೆ ಮನೆಯವರ ಕ್ಷೇಮ ಕೇಳಿದಳಂತೆ. ಕಾಂತಿ ಆ ನೀರು ಮುಟ್ಟದೆ ಎದ್ದು ಬಂದಳು. "ಬೈದಿದ್ರೆ ಆಗ್ತಿತ್ತು ಟೀಚರ್, ಕೆನ್ನೆಗೆ ಎರಡು ಹೊಡೆದಿದ್ರೂ ಆಗ್ತಿತ್ತು," ಎಂದು ನನ್ನ ಅಡುಗೆ ಮನೆಯಲ್ಲಿ ಕೂತು ಅತ್ತಳು. ಕುವೈತಿನ ಗಂಡನಿಗೆ ಇದನ್ನು ಹೇಳಲಿಲ್ಲ. ದೂರದಲ್ಲಿ ದುಡಿಯುವವರಿಗೆ ಊರಿನ ಜಗಳ ಹೇಳಿ ಏಕೆ ಬೇಸರ ಮಾಡುವುದು ಎಂದು ಅವಳ ಲೆಕ್ಕ. ಒಂದು ಮಾತು ಹೇಳಿದ್ದರೆ ಎಲ್ಲ ಅಂದೇ ತಿಳಿಯುತ್ತಿತ್ತು.

ಮೋಹಿನಿ ಕಂಪನಿಯ ಕೆಲಸ ಬಿಟ್ಟಳು. ಮತ್ತೆ ರವಿಕೆ ಹೊಲಿಯತೊಡಗಿದಳು. ಮಳೆಗಾಲ ಮುಗಿಯುವ ಹೊತ್ತಿಗೆ ಕಾಮಾಲೆ ಹಿಡಿಯಿತು. ಮನೆಮದ್ದಿನಲ್ಲಿ ದಿನ ಕಳೆದು, ಮಂಗಳೂರಿನ ಆಸ್ಪತ್ರೆಗೆ ಸೇರಿಸುವಾಗ ತಡವಾಗಿತ್ತು. ನಾನು ಅವಳ ಹಾಸಿಗೆಯ ಬಳಿ ಇದ್ದ ಒಂದು ಮಧ್ಯಾಹ್ನ ಹೊರಗಡೆ ಕಾಂತಿಯ ಸ್ವರ ಕೇಳಿತು. ಮೋಹಿನಿಯ ಮಗಳು ಸಾತ್ವಿಕಾ ಬಾಗಿಲಲ್ಲಿ ನಿಂತು, "ಅಮ್ಮ ಮಲಗಿದ್ದಾರೆ," ಎನ್ನುತ್ತಿದ್ದಳು. ಮೋಹಿನಿ ಮಲಗಿರಲಿಲ್ಲ.

"ಕಾಂತಿ ಅಲ್ವಾ ಅದು?" ಎಂದಳು.

"ಹೌದು. ಕರೆಯಲಾ?"

"ಬೇಡ ಟೀಚರ್," ಎಂದಳು. "ಬಂದ್ರೆ ಅವಳು ಎಂತ ಹೇಳುದು, ನಾನು ಎಂತ ಹೇಳುದು? ಪಾಪ, ಅವಳಿಗೂ ಕಷ್ಟ." ಆಮೇಲೆ, "ಎದುರು ಹೇಳಿದ್ದಿದ್ರೆ ನಾನೇ ನಿಲ್ತಿರ್ಲಿಲ್ಲ. ನೀನು ಬೇಡ ಅಂತ ಒಂದು ಮಾತು ಹೇಳ್ಬಹುದಿತ್ತು ಅವಳು," ಎಂದಳು. ಹೊರಗೆ ಚಪ್ಪಲಿಯ ಸದ್ದು ದೂರವಾಯಿತು. ಆ ವಾರವೇ ಮೋಹಿನಿ ಹೋದಳು.

ಅವಳ ಉತ್ತರಕ್ರಿಯೆಗೆ, ನಾವು ಬೊಜ್ಜ ಎನ್ನುತ್ತೇವೆ, ರಜೆಯಲ್ಲಿ ಊರಿಗೆ ಬಂದಿದ್ದ ನಿತ್ಯಾನಂದನೂ ಬಂದ. ಕಾಂತಿ ಚಪ್ಪರದ ತುದಿಯಲ್ಲಿ ಒಬ್ಬಳೇ ಕೂತಿದ್ದಳು. ಅಡುಗೆಗೆ ಕೈಜೋಡಿಸಲು ಅವಳನ್ನು ಯಾರೂ ಕರೆದಿರಲಿಲ್ಲ. ಊಟಕ್ಕೆ ನಿತ್ಯಾನಂದ ನನ್ನ ಪಕ್ಕದಲ್ಲಿ ಕೂತ. ಎಲೆಗೆ ಅನ್ನ ಬೀಳುವಾಗ, ಏನಾದರೂ ಮಾತಾಡಬೇಕಲ್ಲ ಎಂಬಂತೆ, "ಪಾಪ, ಮೋಹಿನಿಯಕ್ಕ ಸೋತದ್ದು ನನಗೆ ಈಗಲೇ ಗೊತ್ತಾದದ್ದು. ನಾನೇ ಓಟು ಹಾಕಿದ್ದೆ ಅವರಿಗೆ," ಎಂದ.

"ನೀವು ಹೇಗೆ ಹಾಕಿದ್ದು?" ಎಂದು ಕೇಳಿದೆ.

"ಕಂಪನಿಯಿಂದ ಅಂತ ಹೇಳಿ ಒಬ್ರು ಫೋನ್ ಮಾಡಿದ್ರು ಟೀಚರ್. 'ಕಾಂತಿಯವರ ಓಟು, ಮೋಹಿನಿಯವರಿಗೆ ಹಾಕ್ಲಿಕ್ಕೆ ಉಂಟು, ಮೊಬೈಲಿಗೆ ಒಂದು ನಂಬರ್ ಬರ್ತದೆ, ಅದನ್ನು ಹೇಳಿ' ಅಂದ್ರು. ಹೇಳಿದೆ. ಡ್ಯೂಟಿಯಲ್ಲಿದ್ದೆ, ಮತ್ತೆ ಮರೆತೇಹೋಯ್ತು."

ಕಾಂತಿಯನ್ನು ಕರೆದೆ. ಅವನು ಅದನ್ನೇ ಇನ್ನೊಮ್ಮೆ ಹೇಳಿದ. ಅವಳು ಗಂಡನ ಮುಖ ನೋಡಿದಳು, ಒಳಗೆ ಮೋಹಿನಿಯ ಫೋಟೋ ಇಟ್ಟ ಕಡೆ ನೋಡಿದಳು, ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಎಬ್ಬಿಸಲು ನಮಗೆ ಆಗಲಿಲ್ಲ.

ಆ ಸಂಜೆಯೇ ಶಿಫಾನಾ ದಮ್ಮಾಮಿಗೆ ಫೋನ್ ಮಾಡಿದಳು. ನೌಫಲನಿಗೂ ಅದೇ ಕರೆ, ಅದೇ ಮಾತು. "ಮೋಹಿನಿ ಟೈಲರ್ ನಿನಗೆ ಹೊಲಿಗೆ ಕಲಿಸಿದವರಲ್ವಾ, ಅದಕ್ಕೇ ಕೊಟ್ಟೆ," ಎಂದನಂತೆ ಅವನು. ನೆರಿಯದ ಗಂಡಸರನ್ನು ಕೇಳಿದೆವು. ಅಲ್ಲಿಯೂ ಅದೇ. ಎಲ್ಲರೂ ಮೋಹಿನಿಗೆ ಒಳ್ಳೆಯದಾಗಲಿ ಎಂದೇ ಆ ಸಂಖ್ಯೆ ಹೇಳಿದವರು. ಅದನ್ನು ಕೇಳಿ ಪಡೆದವರು ಮತವನ್ನು ಅವಳ ಎದುರಾಳಿಗೆ ಹಾಕಿದ್ದರು. ಕರೆ ಮಾಡಿದವರು ಯಾರೆಂದು ನನಗೆ ಗೊತ್ತಿಲ್ಲ, ಗೊತ್ತಿಲ್ಲದೆ ಯಾರ ಹೆಸರನ್ನೂ ಎತ್ತುವುದಿಲ್ಲ. ಸ್ವರ ವಿನಯವಾಗಿತ್ತಂತೆ, ಮಾತು ನಮ್ಮ ಕಡೆಯದ್ದಂತೆ. ಪತ್ತೆ ಹಚ್ಚಲು ಬೇಕಾದ ಅಧಿಕಾರ ನಿಮಗಿದೆ, ಕಾನೂನಿದೆ, ಫೋನ್ ಕಂಪನಿಗಳನ್ನು ಕೇಳುವ ಬಾಯಿಯಿದೆ. ನೀವು ಅದೇ ಬಾಯಿಯಿಂದ "ನೋಂದಾಯಿತ ಸಂಖ್ಯೆಯಿಂದ ಬಂದ ಮತ ಸದಸ್ಯರದೇ" ಎಂದು ಹೇಳಿ ಮುಗಿಸಿದಿರಿ. ಹಾಗಾದರೆ ಸ್ವಾಮಿ, ಮೈದಾನದಲ್ಲಿ ನಿಂತು "ಹಾಜರ್" ಎಂದವಳು ಯಾರು? ಕೋರಂ ಲೆಕ್ಕಕ್ಕೆ ಬೇಕಾದಾಗ ನಿಮಗೆ ಆ ಹೆಂಗಸಿನ ದೇಹವೇ ಬೇಕು, ಮುಖ ಕಾಣಬೇಕು, ಸ್ವರ ಕೇಳಬೇಕು. ನಿರ್ದೇಶಕರನ್ನು ಆರಿಸುವಾಗ ಮಾತ್ರ ಸಮುದ್ರದಾಚೆಯ ಒಂದು ಫೋನು ಸಾಕು. ಒಂದೇ ಸಭೆಯಲ್ಲಿ ಒಬ್ಬಳೇ ಸದಸ್ಯೆ ನೆರಿಯದಲ್ಲಿಯೂ ಕುವೈತಿನಲ್ಲಿಯೂ ಇದ್ದಳೆಂದು ಒಪ್ಪಿಕೊಳ್ಳುವ ನಿಮಗೆ, ಅವಳು ಮತ ಹಾಕಿಲ್ಲವೆಂದು ಒಪ್ಪುವುದು ಏಕೆ ಇಷ್ಟು ಕಷ್ಟವಾಯಿತು?

ಹೊಸ ಆಡಳಿತ ಮಂಡಳಿ ಬಂದ ಮೇಲೆ ಸಮವಸ್ತ್ರಗಳು ಹೊರಗಿನಿಂದ ಹೊಲಿದೇ ಬರುತ್ತಿವೆ. ನಮ್ಮ ಹೆಂಗಸರಿಗೆ ಗುಂಡಿ ಹಾಕುವ, ಲೇಬಲ್ ಹಚ್ಚುವ ಕೆಲಸ. ಅದರ ಬಗ್ಗೆಯೂ ಜಗಳ ಉಂಟು, ಅದನ್ನು ನಾವು ಸಭೆಯಲ್ಲಿ ಆಡುತ್ತೇವೆ. ಕಾಂತಿ, ಶಿಫಾನಾ, ನೆರಿಯದವರು ಎಲ್ಲರೂ ಲತೇಶನ ಮೇಜಿನ ಮುಂದೆ ಸಾಲಾಗಿ ನಿಂತು ತಂತಮ್ಮ ನಂಬರು ಬರೆಸಿ ಬಂದಿದ್ದಾರೆ. ಮರುಚುನಾವಣೆಯನ್ನು ಕೂಡ ನಾನು ಈ ಪತ್ರದಲ್ಲಿ ಕೇಳುತ್ತಿಲ್ಲ. ಗೆಲ್ಲಬೇಕಾಗಿದ್ದವಳೇ ಇಲ್ಲ.

ನಾನು ಕೇಳುವುದು ಬೇರೆ. ಸಾತ್ವಿಕಾ ಮೂಡುಬಿದಿರೆಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಾಳೆ. ಬೊಜ್ಜದ ದಿನ ನಿತ್ಯಾನಂದ ಹೇಳಿದ್ದನ್ನು ಅವಳಿಗೆ ತಿಳಿಸಲು ನಾನೂ ಕಾಂತಿಯೂ ಹೋದೆವು. ಗೇಟಿನ ಆಚೆಯಿಂದಲೇ ಮಾತಾಡಿದಳು. "ಅಮ್ಮ ಸತ್ತ ಮೇಲೆ ಯಾರು ಎಂತ ಬೇಕಾದ್ರೂ ಹೇಳ್ಬಹುದು ಟೀಚರ್. ಅಮ್ಮನಿಗೆ ತೋರಿಸಿದ್ದು ಸರಕಾರದ ಕಾಗದ. ಅದು ತಪ್ಪು ಅಂತ ಸರಕಾರದ ಕಾಗದವೇ ಹೇಳ್ಲಿ. ಅಲ್ಲಿವರೆಗೆ ಇವರು ನಮ್ಮ ಮನೆಗೆ ಬರುದು ಬೇಡ," ಎಂದಳು. ಆ ಮಗುವನ್ನು ಎತ್ತಿ ಆಡಿಸಿದವಳು ಕಾಂತಿ. ನನಗೆ ಸಾತ್ವಿಕಾಳ ಮೇಲೆ ಸಿಟ್ಟು ಬರಲಿಲ್ಲ. ತಾಯಿ ಕೊನೆಯುಸಿರಿನವರೆಗೆ ನಂಬಿದ್ದನ್ನು ಮಗಳು ಸುಲಭವಾಗಿ ಹೇಗೆ ಬಿಟ್ಟಾಳು?

ಆದ್ದರಿಂದ ಕಡತವನ್ನು ಮತ್ತೆ ತೆರೆಯಿರಿ. ಆ ಗಂಡಸರನ್ನು ಕರೆಸಿ ಕೇಳಿ, ಫೋನಿನಲ್ಲಾದರೂ ಕೇಳಿ, ಅವರು ಉತ್ತರಿಸಲು ತಯಾರಿದ್ದಾರೆ. ಆಮೇಲೆ ನಿಮ್ಮ ಮುದ್ರೆಯಿರುವ ಕಾಗದದಲ್ಲಿ, ಆ ಸಭೆಯಲ್ಲಿ ಕಾಂತಿಯ ಹೆಸರಿನಲ್ಲಿ ದಾಖಲಾದ ಮತ ಕಾಂತಿಯದಲ್ಲ, ಶಿಫಾನಾಳದು ಶಿಫಾನಾಳದಲ್ಲ, ನೆರಿಯದವರದು ನೆರಿಯದವರದಲ್ಲ ಎಂದು ಒಬ್ಬೊಬ್ಬರ ಹೆಸರು ಹಿಡಿದು ಬರೆಯಿರಿ. ನಿಮ್ಮ ಎಂದಿನ ಶುದ್ಧ ಕನ್ನಡದಲ್ಲಿಯೇ ಬರೆಯಿರಿ. ನನಗೆ ಪ್ರತಿ ಬೇಡ. ನೇರವಾಗಿ ಸಾತ್ವಿಕಾಳ ವಿಳಾಸಕ್ಕೆ ಕಳಿಸಿ, ದೂರಿನಲ್ಲಿ ಅದನ್ನು ಕೊಟ್ಟಿದ್ದೇವೆ.

ಓದಿದ ಮೇಲೆ ಅವಳು ಗೇಟು ತೆರೆಯುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಕಾಂತಿಗೂ ಗೊತ್ತಿಲ್ಲ. ಅದು ಅವಳಿಗೆ ಬಿಟ್ಟದ್ದು. ಈ ಸತ್ಯವನ್ನು ಓದಬೇಕಾಗಿದ್ದವರಲ್ಲಿ ಒಬ್ಬಳು ಓದದೆ ಹೋಗಿಬಿಟ್ಟಳು. ಇನ್ನೊಬ್ಬಳು ಇದ್ದಾಳೆ. ಅವಳಿಗಾದರೂ ಕಳಿಸಿ.

ಇಂತಿ,
ನಿಮ್ಮಿಂದ ಉತ್ತರ ಬರುತ್ತದೆ ಎಂದು ಈಗಲೂ ಪೋಸ್ಟ್‌ಮ್ಯಾನಿಗೆ ಕಾಯುವಷ್ಟು ಹಳೆಯ ಕಾಲದವಳಾದ
ವಾರಿಜಾಕ್ಷಿ
ನಿವೃತ್ತ ಕನ್ನಡ ಶಿಕ್ಷಕಿ, ಲಾಯಿಲ